ರಾತ್ರಿ ಎರಡು ಗಂಟೆಯ ರೇಟು

ಶಿಡ್ಲಘಟ್ಟದ ಹತ್ತಿರ ನಮ್ಮ ಚಿಕ್ಕಪ್ಪ ರೇಷ್ಮೆ ಹುಳ ಮೇಯಿಸುತ್ತಾರೆ. ಹುಳ ನಾಲ್ಕನೇ ಸಲ ಪೊರೆ ಕಳಚಿ, ಅಂದರೆ ನಾಲ್ಕನೇ ಜ್ವರದಿಂದ ಎದ್ದ ಮೇಲೆ ಮನೆಯಲ್ಲಿ ರಾತ್ರಿಯೆಲ್ಲ ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ಸಣ್ಣಗೆ ಮಳೆ ಬಿದ್ದ ಹಾಗೆ. ಆ ಸದ್ದಿಗೆ ನಮಗೆಲ್ಲ ಒಳ್ಳೇ ನಿದ್ದೆ. ಚಿಕ್ಕಪ್ಪ ಮಾತ್ರ ಎರಡು ಗಂಟೆಗೇ ಎದ್ದು ಕೂರುತ್ತಾರೆ. ಗೂಡಿನ ರೇಟು ಬಿದ್ದರೆ? ಹಾಲುತೊಂಡೆ ರೋಗ ಬಂದರೆ? ಬೋರ್ ಕೈಕೊಟ್ಟರೆ?

"ಸುಮ್ನೆ ಚಿಂತೆ ಮಾಡಬೇಡಿ, ಮಲಗಿ" ಅನ್ನುತ್ತಾರೆ ಚಿಕ್ಕಮ್ಮ. ಇದು ಕೆಲಸಕ್ಕೆ ಬಾರದ ಸಲಹೆ. 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ವಿದ್ಯಾರ್ಥಿಗಳಿಗೆ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಬೇಕಾದರೆ ನೆನೆಯಿರಿ ಅಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಕಾಡಿತು.

ಹಿಪ್ಪುನೇರಳೆ ತೋಟದಲ್ಲಿ ಕಾಲಡಿ ಹಾವು ಹರಿದರೆ ಎದೆ ಹೊಡೆದುಕೊಳ್ಳುತ್ತದೆ, ಹಾವು ಹೋಗುತ್ತದೆ, ಎದೆಯೂ ತಣ್ಣಗಾಗುತ್ತದೆ. ನಾಳೆಯ ರೇಟು ಹಾಗಲ್ಲ. ಅದು ಎದುರಿಗೇ ಇಲ್ಲ, ಹಾಗಾಗಿ ಹೋಗುವುದೂ ಇಲ್ಲ. ಚಿಂತೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಥಾಮಸ್ ಬೊರ್ಕೊವೆಕ್ ಗಮನಿಸಿದ್ದು, ಚಿಂತೆ ಹೆಚ್ಚಾಗಿ ಚಿತ್ರಗಳಾಗಿ ಬರುವುದಿಲ್ಲ, ಮಾತುಗಳಾಗಿ ಬರುತ್ತದೆ. ಒಳಗೊಳಗೇ ಮಾತಾಡಿಕೊಳ್ಳುತ್ತಿದ್ದರೆ ಏನೋ ಕೆಲಸ ನಡೀತಿದೆ ಅನ್ನಿಸುತ್ತದೆ, ಅಲ್ವಾ? ಹೆದರಿದ್ದು ಆಗದಿದ್ದರೆ, ಚಿಂತೆ ಮಾಡಿದ್ದಕ್ಕೇ ತಪ್ಪಿತು ಅಂತ ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಪರೀತ ಆತಂಕದ ಕಾಯಿಲೆ ಇದ್ದವರು ತಮ್ಮ ಚಿಂತೆಗಳನ್ನು ಬರೆದಿಟ್ಟು ಆಮೇಲೆ ತಾಳೆ ನೋಡಿದರು. ನೂರಕ್ಕೆ 91ರಷ್ಟು ನಿಜವಾಗಲಿಲ್ಲ. ಈ ಲೆಕ್ಕವನ್ನು ಹಾಗೇ ತಂದು ರೈತರಿಗೆ ಹೇಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ರೇಟು ನಿಜವಾಗಿಯೂ ಬೀಳುತ್ತದೆ, ಬೋರ್ ನಿಜವಾಗಿಯೂ ಬತ್ತುತ್ತದೆ.

ಹಾಗಾಗಿ ಚಿಕ್ಕಪ್ಪನಿಗೆ ನಾನು ಹೇಳಿದ್ದು ಬೊರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಪರೀಕ್ಷಿಸಿದ ಉಪಾಯ: ಚಿಂತೆಗೆ ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ. ಬೇರೆ ಹೊತ್ತಲ್ಲಿ ಬಂದರೆ ಓಡಿಸಬೇಡಿ, ಸಾಯಂಕಾಲ ಬಾ ಅನ್ನಿ. ಐದು ಗಂಟೆಗೆ ಸೊಪ್ಪು ಹಾಕಿ ಜಗಲಿ ಮೇಲೆ ಕೂತು, ಹಳೇ ನೋಟ್‌ಬುಕ್ಕಲ್ಲಿ ಬರೆಯಲು ಶುರು ಮಾಡಿದರು. ಮೋಟಾರ್ ಸದ್ದು ಬದಲಾಗಿದೆ ಎಂಬ ಚಿಂತೆ ಮೆಕ್ಯಾನಿಕ್‌ಗೆ ಒಂದು ಫೋನ್ ಆಯಿತು. ರೇಟಿನ ಚಿಂತೆ ಏನೂ ಆಗಲಿಲ್ಲ.

ತಿಂಗಳುಗಟ್ಟಲೆ ಚಿಂತೆ ಬಿಡದೆ ನಿದ್ದೆ, ಊಟ, ಕೆಲಸ ಕೆಟ್ಟರೆ ನೋಟ್‌ಬುಕ್ ಸಾಲದು, ಡಾಕ್ಟರನ್ನು ನೋಡಬೇಕು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಊರಿಗೆ ಹೋದಾಗ ಕದ್ದು ನೋಟ್‌ಬುಕ್ ನೋಡಿದೆ. ಆರು ದಿನ "ರೇಟು", "ರೇಟು" ಅಂತಲೇ ಇತ್ತು. ಏಳನೇ ದಿನ, "ಹುಳ ಹಣ್ಣಾಗಿದೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು, ಬರೆಯಲು ಪುರುಸೊತ್ತಿಲ್ಲ."