ಗ್ರಾನೈಟ್ ಒಳಗೆ ಬಿಸಿನೀರು ಮಾಡುವ ಕೆಲಸ

ಹೊಸದಾಗಿ ಒಡೆದ ಗ್ರಾನೈಟ್ ಚೂರನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ. ಬೂದು ಬಣ್ಣದ ಕಣಗಳು ಕ್ವಾರ್ಟ್ಜ್. ಕಪ್ಪಗೆ ಮಿನುಗುವುದು ಹೆಚ್ಚಾಗಿ ಅಭ್ರಕ. ಉಳಿದ ಬಿಳಿ, ಗುಲಾಬಿ ಹರಳುಗಳೆಲ್ಲ ಫೆಲ್ಡ್‌ಸ್ಪಾರ್, ಕಲ್ಲಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಇರುವುದು ಅದೇ. ಇವುಗಳಲ್ಲಿ ಕೆಲವು ಫಳ್ಳನೆ ಹೊಳೆಯುತ್ತವೆ, ಕೆಲವು ಮಂಕಾಗಿರುತ್ತವೆ. ಮಂಕಾದದ್ದನ್ನು ಕಂಡರೆ ಮಳೆ ಗಾಳಿಗೆ ಕಲ್ಲು ಹಾಳಾಗಿದೆ ಅಂದುಕೊಳ್ಳುತ್ತೇವೆ, ಅಲ್ವಾ? ಎಷ್ಟೋ ಸಲ ಅದು ನಿಜವಲ್ಲ. ಆ ಹರಳು ಮಂಕಾದದ್ದು ನೆಲದಡಿ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ, ಬಿಸಿನೀರಿನಿಂದ.

ಅಷ್ಟು ಆಳದಲ್ಲಿ ನೀರೆಲ್ಲಿಂದ ಬಂತು? ಕರಗಿದ ಶಿಲಾಪಾಕದಲ್ಲೇ ನೀರು ಬೆರೆತಿರುತ್ತದೆ. ಪಾಕ ಗಟ್ಟಿಯಾಗುತ್ತಾ ಹೋದಂತೆ ಆ ನೀರಿಗೆ ಹರಳುಗಳಲ್ಲಿ ಜಾಗ ಸಾಲದೆ, ಕರಗಿದ ಉಪ್ಪು, ಲೋಹಗಳನ್ನು ಹೊತ್ತುಕೊಂಡು ಬಿರುಕುಗಳಿಗೆ ನುಗ್ಗುತ್ತದೆ. ಮೇಲಿನಿಂದ ಇಳಿದ ಮಳೆನೀರೂ ಬಿಸಿಗಲ್ಲಿನ ಹತ್ತಿರ ಕಾದು ಇದೇ ಕೆಲಸಕ್ಕೆ ಕೂಡಿಕೊಳ್ಳುತ್ತದೆ.

ನನಗೆ ತುಂಬಾ ಬೆರಗು ಹುಟ್ಟಿಸುವುದು ಹರಳು ಬದಲಾಗುವ ರೀತಿ. ಸೋಡಿಯಂ ಹೊರಗೆ ಹೋಗುತ್ತದೆ, ಆ ಜಾಗದಲ್ಲಿ ಪೊಟ್ಯಾಶಿಯಂ ಬಂದು ಕೂರುತ್ತದೆ, ಸಿಲಿಕಾನ್ ಮತ್ತು ಆಮ್ಲಜನಕದ ಚೌಕಟ್ಟು ಹಾಗೇ ಇರುತ್ತದೆ ಎಂದು ಊಹಿಸುವುದು ಸುಲಭ. ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಆಮ್ಲಜನಕ-18, ಅಂದರೆ ಸ್ವಲ್ಪ ಭಾರದ ಆಮ್ಲಜನಕ ಹೆಚ್ಚಿರುವ ಉಪ್ಪುನೀರಿನಲ್ಲಿ ಫೆಲ್ಡ್‌ಸ್ಪಾರ್ ಇಟ್ಟು, 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಭಾರಿ ಒತ್ತಡದಲ್ಲಿ ಬಿಟ್ಟರು. ಬದಲಾದ ಭಾಗದಲ್ಲೆಲ್ಲ ಆ ಭಾರದ ಆಮ್ಲಜನಕ ಸಿಕ್ಕಿತು, ಪಕ್ಕದ ಹಳೇ ಭಾಗದಲ್ಲಿ ಇಲ್ಲ. ಎರಡರ ನಡುವಿನ ಗಡಿಯೂ ಸ್ಪಷ್ಟ. ಅಂದರೆ ಹಳೇ ಚೌಕಟ್ಟೇ ಕಳಚಿ ನೀರಿನಲ್ಲಿ ಕರಗಿದೆ, ಅದರ ಬೆನ್ನಿಗೇ ಅದೇ ಜಾಗದಲ್ಲಿ ಹೊಸ ಹರಳು ಬೆಳೆದಿದೆ, ನಡುವೆ ಇದ್ದದ್ದು ತೀರಾ ತೆಳುವಾದ ನೀರಿನ ಪದರ. ಹೊರಗಿನ ಆಕಾರ ಮಾತ್ರ ಮೊದಲಿನದ್ದೇ! ಹೊಸ ಹರಳು ಹಳೆಯದರ ಜಾಗವನ್ನು ಪೂರ್ತಿ ತುಂಬದೆ ಒಳಗೆಲ್ಲ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ನೀರು ಇನ್ನೂ ಒಳಕ್ಕೆ ಹೋಗುವುದು ಇವುಗಳ ಮೂಲಕ. ಬೆಳಕು ಚದುರಿ ಹರಳು ಮಂಕಾಗಿ ಕಾಣುವುದಕ್ಕೂ ಇವೇ ದೊಡ್ಡ ಕಾರಣ. ರಂಧ್ರಗಳಲ್ಲಿ ಹೆಮಟೈಟ್ ಅನ್ನುವ ಕಬ್ಬಿಣದ ಆಕ್ಸೈಡ್ ಕಣಗಳು ಕೂತರೆ ಫೆಲ್ಡ್‌ಸ್ಪಾರ್ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಸ್ವೀಡನ್‌ನ ಎಸ್ಪೊ ನೆಲದಡಿ ಪ್ರಯೋಗಾಲಯದ ಬಂಡೆಯಲ್ಲಿ ಬಿರುಕುಗಳ ಅಕ್ಕಪಕ್ಕ ಇಂಥ ಕೆಂಪು ಪಟ್ಟೆಗಳಿವೆ.

ಫೆಲ್ಡ್‌ಸ್ಪಾರ್ ಏನಾಗಿ ಬದಲಾಗುತ್ತದೆ ಅನ್ನುವುದು ಶಾಖದ ಮೇಲಷ್ಟೇ ನಿಂತಿಲ್ಲ. ನೀರಿನಲ್ಲಿ ಪೊಟ್ಯಾಶಿಯಂ ಎಷ್ಟು, ಆಮ್ಲತೆ ಎಷ್ಟು ಅನ್ನುವ ಲೆಕ್ಕವೂ ಬೇಕು. ಪೊಟ್ಯಾಶಿಯಂ ಜಾಸ್ತಿ ಇದ್ದರೆ ಹೊಸ ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್ ಬೆಳೆಯುತ್ತದೆ. ಆಮ್ಲತೆ ಹೆಚ್ಚಾದರೆ ಸೆರಿಸೈಟ್ ಅನ್ನುವ ತೀರಾ ಸಣ್ಣ ಕಣಗಳ ಬಿಳಿ ಅಭ್ರಕ ಹುಟ್ಟುತ್ತದೆ, ಮಿಕ್ಕ ಸಿಲಿಕಾ ಕ್ವಾರ್ಟ್ಜ್ ಆಗುತ್ತದೆ. ನೀರು ಇನ್ನೂ ತಣ್ಣಗಾಗಿ ಆಮ್ಲತೆ ಏರಿದರೆ ಕೆಯೊಲಿನ್, ಅಂದರೆ ಪಿಂಗಾಣಿಗೆ ಬಳಸುವ ಬಿಳಿ ಜೇಡಿಮಣ್ಣು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಗ್ರಾನೈಟಿನ ಫೆಲ್ಡ್‌ಸ್ಪಾರ್ ದೊಡ್ಡ ಪ್ರಮಾಣದಲ್ಲಿ ಇಂಥ ಮಣ್ಣಾಗಿದೆ.

ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಪ್ಲೇಜಿಯೊಕ್ಲೇಸ್, ಅಂದರೆ ಸೋಡಿಯಂ ಮತ್ತು ಕ್ಯಾಲ್ಸಿಯಂ ಇರುವ ಫೆಲ್ಡ್‌ಸ್ಪಾರ್‌ನ ಎಷ್ಟೋ ಹರಳುಗಳಲ್ಲಿ ನಡುಭಾಗ ಮಂಕು, ಅಂಚು ಶುಭ್ರ. ನಡುವೆ ಕ್ಯಾಲ್ಸಿಯಂ ಜಾಸ್ತಿ ಇರುತ್ತದೆ, ಅದಕ್ಕೇ ನೀರು ಅಂಚನ್ನು ಬಿಟ್ಟು ಮೊದಲು ಅಲ್ಲಿಗೆ ಕೈ ಹಾಕುತ್ತದೆ.

ತಾಮ್ರ ಹುಡುಕುವವರಿಗೆ ಈ ಬದಲಾವಣೆಗಳೇ ನಕ್ಷೆ. ದೊಡ್ಡ ತಾಮ್ರ ನಿಕ್ಷೇಪಗಳ ನಡುಭಾಗದಲ್ಲಿ ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್ ವಲಯ, ಅದರ ಸುತ್ತ ಸೆರಿಸೈಟ್ ವಲಯ ಸಾಮಾನ್ಯ. ಅಮೆರಿಕದ ಅರಿಜೋನಾದ ಸಾನ್ ಮ್ಯಾನುಯೆಲ್ ಗಣಿಯಲ್ಲಿ ಈ ವಲಯಗಳು ಅರ್ಧ ಮಾತ್ರ ಇದ್ದವು. ಸ್ತರಭಂಗದಿಂದ, ಅಂದರೆ ಬಂಡೆ ಸೀಳಿ ಜಾರಿದ್ದರಿಂದ, ಇನ್ನರ್ಧ ಪಕ್ಕಕ್ಕೆ ಸರಿದಿರಬೇಕು ಎಂದು ಭೂವಿಜ್ಞಾನಿ ಡೇವಿಡ್ ಲೊವೆಲ್ ಲೆಕ್ಕ ಹಾಕಿದರು. 1960ರ ದಶಕದಲ್ಲಿ ಅವರು ಹೇಳಿದ ಕಡೆ ಕೊರೆದಾಗ ನೆಲದಾಳದಲ್ಲಿ ಕಲಮಜೂ ಅನ್ನುವ ತಾಮ್ರದ ನಿಕ್ಷೇಪ ಸಿಕ್ಕಿತು.