ಜಾಗತಿಕ ಹೆಕ್ಟೇರ್: ಪಾಲುಪತ್ರ ನೋಡಿ ಅರ್ಥವಾದ ಲೆಕ್ಕ

ಪರಿಸರ ಹೆಜ್ಜೆಗುರುತಿನ ವ್ಯಾಖ್ಯೆ ಕಷ್ಟವೇನಲ್ಲ. ನಾವು ಉಣ್ಣುವುದು, ಉಡುವುದು, ಸುಡುವುದು ಎಲ್ಲವನ್ನೂ ಒದಗಿಸಿ, ಬಿಟ್ಟ ಇಂಗಾಲವನ್ನೂ ಹೀರಿಕೊಳ್ಳಲು ಎಷ್ಟು ನೆಲ, ಎಷ್ಟು ಕಡಲು ಬೇಕು ಎಂಬ ಲೆಕ್ಕ ಅದು. 1990ರ ದಶಕದ ಆರಂಭದಲ್ಲಿ ಕೆನಡಾದ ವಿಲಿಯಂ ರೀಸ್ ಮತ್ತು ಅವರ ವಿದ್ಯಾರ್ಥಿ ಮ್ಯಾಥಿಸ್ ವ್ಯಾಕರ್‌ನಗೆಲ್ ರೂಪಿಸಿದ್ದು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಜೈವಿಕ ಸಾಮರ್ಥ್ಯ, ಅಂದರೆ ಭೂಮಿ ವರ್ಷವೊಂದರಲ್ಲಿ ಮತ್ತೆ ಬೆಳೆದುಕೊಡುವಷ್ಟು.

ನಾನು ಮುಗ್ಗರಿಸಿದ್ದು ಅಳತೆಯ ಮಾನದಲ್ಲಿ. ಹೆಕ್ಟೇರ್ ಸರಿ, ಈ ‘ಜಾಗತಿಕ ಹೆಕ್ಟೇರ್’, ಅಂದರೆ ವಿಶ್ವದ ಸರಾಸರಿ ಫಲವತ್ತತೆಯ ಒಂದು ಹೆಕ್ಟೇರ್, ಯಾಕೆ? ಮೈಸೂರಿನ ಹಾಸ್ಟೆಲಿನಲ್ಲಿ ಎರಡು ರಾತ್ರಿ ಸೂತ್ರವನ್ನೇ ನೋಡುತ್ತ ಕುಳಿತೆ. ಬಗೆಹರಿದದ್ದು ಮದ್ದೂರಿನ ಕಡೆಯ ನಮ್ಮೂರಿಗೆ ಹೋದಾಗ, ಅಪ್ಪ ಮತ್ತು ದೊಡ್ಡಪ್ಪನ ಪಾಲುಪತ್ರದಲ್ಲಿ. ನಾಲೆ ನೀರಿನ ಗದ್ದೆ ಒಂದು ಎಕರೆ ಅಪ್ಪನಿಗೆ, ಅದಕ್ಕೆ ಸಮನಾಗಿ ಮೂರು ಎಕರೆ ಖುಷ್ಕಿ ದೊಡ್ಡಪ್ಪನಿಗೆ. ಅಳತೆ ಬೇರೆ, ಪಾಲು ಸಮ. ಸಮಾನತಾ ಗುಣಕ ಮಾಡುವುದೂ ಇದನ್ನೇ: ಬೇರೆ ಬೇರೆ ಜಾತಿಯ ನೆಲವನ್ನು ಒಂದೇ ತೂಕಕ್ಕೆ ತರುತ್ತದೆ. ಬೇಸಾಯದ ಭೂಮಿಗೆ ಸುಮಾರು 2.5, ಕಾಡಿಗೆ ಸುಮಾರು 1.3, ಹುಲ್ಲುಗಾವಲಿಗೆ 0.5ಕ್ಕೂ ಕಡಿಮೆ.

ಇಳುವರಿ ಗುಣಕ ಬೇರೆ. ಅದು ಒಂದೇ ಜಾತಿಯ ನೆಲದೊಳಗಿನ ಹೋಲಿಕೆ: ನಮ್ಮ ಇಳುವರಿಯನ್ನು ವಿಶ್ವದ ಸರಾಸರಿಯಿಂದ ಭಾಗಿಸಿದರೆ ಬರುವುದು.

ಇಲ್ಲೇ ನನ್ನ ಗೊಂದಲ ಹುಟ್ಟಿದ್ದು. ಹೆಚ್ಚು ಬೆಳೆಯುವ ಗದ್ದೆಯ ಅಕ್ಕಿ ಉಂಡರೆ ಹೆಜ್ಜೆಗುರುತು ಚಿಕ್ಕದಾಗಬೇಕಲ್ಲವೇ? ಆಗುವುದಿಲ್ಲ. ಲೆಕ್ಕಕ್ಕೆಂದು ವಿಶ್ವದ ಸರಾಸರಿ ಹೆಕ್ಟೇರಿಗೆ 4 ಟನ್ ಭತ್ತ ಎಂದಿಟ್ಟುಕೊಳ್ಳಿ. ನಾಲೆಯ ತಲೆಯಲ್ಲಿರುವ ನಮ್ಮ ಗದ್ದೆ 6 ಟನ್ ಕೊಡುತ್ತದೆ, ನೀರು ಮುಟ್ಟಿದರೆ ಮುಟ್ಟಿತು ಎಂಬಂತಿರುವ ಕೊನೆಯ ಗದ್ದೆ 2 ಟನ್. (ನಿಜವಾದ ಲೆಕ್ಕದಲ್ಲಿ ಈ ಗುಣಕ ಗದ್ದೆಗಲ್ಲ, ದೇಶಕ್ಕೆ.) ಈಗ 6 ಟನ್ ಭತ್ತ ಬೇಕು. ಸೂತ್ರ ಇಷ್ಟೇ: ನೆಲ × ಇಳುವರಿ ಗುಣಕ × ಸಮಾನತಾ ಗುಣಕ, ಉತ್ತರ ಜಾಗತಿಕ ಹೆಕ್ಟೇರಿನಲ್ಲಿ.

ತಲೆಯ ಗದ್ದೆ: 1 ಹೆಕ್ಟೇರ್ × 1.5 × 2.5 = 3.75.
ಕೊನೆಯ ಗದ್ದೆ: 3 ಹೆಕ್ಟೇರ್ × 0.5 × 2.5 = 3.75.

ನೋಡಿ, ಎರಡೂ ಅಷ್ಟೇ! ಸ್ಥಳೀಯ ಇಳುವರಿ ಒಮ್ಮೆ ಛೇದದಲ್ಲಿ, ಒಮ್ಮೆ ಅಂಶದಲ್ಲಿ ಬಂದು ಹೊಡೆದುಹೋಗುತ್ತದೆ. ಹಾಗಾಗಿ ನನ್ನ ಒಳದಾರಿ: ತಿಂದ ಟನ್ನನ್ನು ವಿಶ್ವದ ಸರಾಸರಿ ಇಳುವರಿಯಿಂದ ಭಾಗಿಸಿ, ಸಮಾನತಾ ಗುಣಕದಿಂದ ಗುಣಿಸಿ. 6 ÷ 4 × 2.5, ಮತ್ತೆ 3.75. ಒಳ್ಳೆಯ ಗದ್ದೆಯ ಲಾಭ ಕಾಣಿಸುವುದು ಸಾಮರ್ಥ್ಯದ ತಟ್ಟೆಯಲ್ಲಿ: ತಲೆಯ ಗದ್ದೆಯ ಒಂದು ಹೆಕ್ಟೇರಿಗೆ 3.75 ಜಾಗತಿಕ ಹೆಕ್ಟೇರ್, ಕೊನೆಯದಕ್ಕೆ ಬರೀ 1.25. ಇದನ್ನು ಹಾಳೆಯ ಮೇಲೆ ಒಮ್ಮೆ ಕೈಯಾರೆ ಮಾಡಿ ನೋಡಿ, ಓದಿದರೆ ಹತ್ತುವುದಿಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. 2024ರ ಲೆಕ್ಕದಲ್ಲಿ ಮನುಕುಲದ ಬೇಡಿಕೆ ಸುಮಾರು 1.7 ಭೂಮಿಗಳಷ್ಟಿತ್ತು. 365ನ್ನು 1.7ರಿಂದ ಭಾಗಿಸಿದರೆ 214ನೆಯ ದಿನ, ಅಂದರೆ ಆಗಸ್ಟ್ ಆರಂಭ; ‘ಮಿತಿಮೀರಿದ ದಿನ’, ಅಂದರೆ ಭೂಮಿ ಇಡೀ ವರ್ಷಕ್ಕೆ ಕೊಡುವುದನ್ನು ನಾವು ಮುಗಿಸಿಬಿಡುವ ದಿನ, ಸಿಗುವುದು ಹೀಗೆ. 1970ರ ದಶಕದ ಆರಂಭದಿಂದ ನಾವು ಸಾಲದಲ್ಲೇ ಇದ್ದೇವೆ. ಒಟ್ಟು ಹೆಜ್ಜೆಗುರುತಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗಾಲದ್ದು: ಕಡಲು ಹೀರಿದ ಪಾಲು ಕಳೆದು, ಉಳಿದದ್ದಕ್ಕೆ ಎಷ್ಟು ಕಾಡು ಬೇಕು ಎಂದು ಎಣಿಸುತ್ತಾರೆ. ಇಲ್ಲದ ಕಾಡನ್ನು ಎಣಿಸುವುದು ನನಗೆ ಇನ್ನೂ ವಿಚಿತ್ರವೆನಿಸುತ್ತದೆ.

ಮಂಡ್ಯದವರು ಎಡವುವ ಇನ್ನೊಂದು ಕಡೆ ನೀರು. ಕನ್ನಂಬಾಡಿ ಕಟ್ಟೆಯಿಂದ ಎಷ್ಟು ನೀರು ಬಿಟ್ಟರು ಎಂಬುದಕ್ಕೆ ಈ ಲೆಕ್ಕದಲ್ಲಿ ಪ್ರತ್ಯೇಕ ಕಾಲಂ ಇಲ್ಲ; ಇಳುವರಿ 6 ಆಯಿತೋ 2 ಆಯಿತೋ ಎಂಬುದರ ಮೂಲಕವಷ್ಟೇ ಅದು ಒಳಬರುತ್ತದೆ. ನೀರಿನ ಹೆಜ್ಜೆಗುರುತು ಬೇರೆಯೇ ಅಳತೆ, 2002ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿ ಆರ್ಯೆನ್ ಹುಕ್‌ಸ್ಟ್ರಾ ಮುಂದಿಟ್ಟದ್ದು, ಲೀಟರಿನಲ್ಲೋ ಘನ ಮೀಟರಿನಲ್ಲೋ ಬರುತ್ತದೆ. ಕಿರುಪರೀಕ್ಷೆಯಲ್ಲಿ ಕಬ್ಬಿನ ನೀರನ್ನು ಹೆಕ್ಟೇರಿಗೆ ಕೂಡಿಸಿ ನಾನು ಮೂರು ಅಂಕ ಕಳೆದುಕೊಂಡಿದ್ದೇನೆ.