ಎಂಡೋಸ್ಕೋಪ್ ಮುಟ್ಟದ ಕಡೆ ರಕ್ತ ಸೋರಿದರೆ

ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ಕಾಯಿಲೆ, ಇರುವವರ ಹೊಟ್ಟೆಯೊಳಗೆ ರಕ್ತಸ್ರಾವವಾದರೆ ವೈದ್ಯರ ಅನುಮಾನ ಮೊದಲು ಹೋಗುವುದು ಅನ್ನನಾಳದ ಮೇಲೆ. ಹೆಚ್ಚಿನ ಸಲ ಆ ಅನುಮಾನ ಸರಿಯಾಗಿಯೇ ಇರುತ್ತದೆ. ಆದರೆ ಒಮ್ಮೊಮ್ಮೆ ಎಂಡೋಸ್ಕೋಪ್, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆ, ಬಾಯಿಂದ ಇಳಿಸಿ ನೋಡಿದರೆ ಅನ್ನನಾಳವೂ ಸರಿ ಇರುತ್ತದೆ, ಜಠರವೂ ಸರಿ ಇರುತ್ತದೆ. ಮಲ ಮಾತ್ರ ಕಪ್ಪಗೆ ಅಂಟಂಟಾಗಿ ಹೋಗುತ್ತಿರುತ್ತದೆ, ಇಲ್ಲವೇ ಕೆಂಪಗೆ. ಆಗ ಸಣ್ಣ ಕರುಳಿನ ಉಬ್ಬಿದ ರಕ್ತನಾಳಗಳ, ಅಂದರೆ ವೇರಿಸಿಸ್‌ಗಳ, ನೆನಪಾಗಬೇಕು.

ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ವೇನ್ ಎಂಬ ದೊಡ್ಡ ನಾಳದಲ್ಲಿ ಮೊದಲು ಲಿವರ್‌ಗೆ ಬರುತ್ತದೆ. ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ ದಾರಿ ಬಿಗಿಯಾಗುತ್ತದೆ. ಲಿವರ್‌ನ ಎರಡೂ ಬದಿಯ ಒತ್ತಡದ ವ್ಯತ್ಯಾಸ ಆರೋಗ್ಯವಂತರಲ್ಲಿ 5 ಮಿಲಿಮೀಟರ್ ಪಾದರಸ ದಾಟುವುದಿಲ್ಲ. ಅದು 10 ಮುಟ್ಟಿದರೆ ವೇರಿಸಿಸ್ ಹುಟ್ಟಬಹುದು, 12 ದಾಟಿದರೆ ಒಡೆಯಬಹುದು.

ಮುಂದೆ ಹೋಗಲಾಗದ ರಕ್ತ ಅಡ್ಡದಾರಿ ಹುಡುಕುತ್ತದೆ. ಅನ್ನನಾಳ ಅದರ ಮಾಮೂಲಿ ಅಡ್ಡದಾರಿ. ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್ ಇನ್ನೊಂದು. ಅದಕ್ಕಿಂತ ಕೆಳಗಿನ ಕರುಳಿನ ಕಥೆ ಸ್ವಾರಸ್ಯವಾಗಿದೆ. ಹಿಂದೆಂದೋ ಹೊಟ್ಟೆಯ ಆಪರೇಷನ್ ಆಗಿದ್ದರೆ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿರಬಹುದು. ಹಾಗೆ ಅಂಟಿಕೊಂಡ ಜಾಗದ ಮೂಲಕವೇ ಹೊಸ ರಕ್ತನಾಳಗಳು ಬೆಳೆದುಬಿಡುತ್ತವೆ! ಹಾಗಾಗಿ ಹಳೆಯ ಆಪರೇಷನ್ ಗುರುತು ಇರುವ ಸಿರೋಸಿಸ್ ರೋಗಿಗೆ ವಾಂತಿಯಿಲ್ಲದೆ ಮಲದಲ್ಲಷ್ಟೇ ರಕ್ತ ಬಂದರೆ ಅದು ದೊಡ್ಡ ಸುಳಿವು.

ಇದು ಅಪರೂಪವೇ. ಸಿರೋಸಿಸ್‌ನ ವೇರಿಸಿಸ್ ರಕ್ತಸ್ರಾವಗಳಲ್ಲಿ ಅನ್ನನಾಳ, ಜಠರ ಬಿಟ್ಟು ಬೇರೆಡೆ ಆಗುವುದು ಶೇಕಡಾ 1ರಿಂದ 5 ಅಷ್ಟೇ. ಆದರೆ ಆದಾಗ ಜಾಸ್ತಿ ರಕ್ತ ಹೋಗುತ್ತದೆ, ಜಾಗ ಹುಡುಕುವುದೂ ಕಷ್ಟ. ಮಾಮೂಲಿ ಎಂಡೋಸ್ಕೋಪ್ ಡುಯೋಡಿನಮ್‌ನ ಎರಡನೇ ಭಾಗದವರೆಗೆ ಹೋಗಿ ನಿಲ್ಲುತ್ತದೆ. ಆಮೇಲೆ ಇನ್ನೂ ಕೆಲವು ಮೀಟರ್ ಕರುಳು ಬಾಕಿ. ರಕ್ತನಾಳಗಳನ್ನು ತೋರಿಸುವ ಸಿ.ಟಿ. ಸ್ಕ್ಯಾನ್ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಉಬ್ಬಿದ ನಾಳ ಎಲ್ಲಿದೆ ಅನ್ನುವುದಷ್ಟೇ ಅಲ್ಲ, ಅದಕ್ಕೆ ರಕ್ತ ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ ಅನ್ನುವುದೂ ಅದರಲ್ಲಿ ಕಾಣುತ್ತದೆ. ನನ್ನ ಪ್ರಕಾರ ಚಿಕಿತ್ಸೆಯ ಅರ್ಧ ನಿರ್ಧಾರ ಈ ನಕ್ಷೆಯಲ್ಲೇ ಆಗಿಬಿಡುತ್ತದೆ. ರೋಗಿ ಸ್ಥಿರವಾಗಿದ್ದರೆ ನುಂಗುವ ಕ್ಯಾಮೆರಾ ಕ್ಯಾಪ್ಸೂಲ್, ಬಲೂನ್ ಕಟ್ಟಿದ ಉದ್ದದ ಎಂಡೋಸ್ಕೋಪ್ ಕೂಡ ಇವೆ.

ಮೊದಲ ಕೆಲಸ ಮಾತ್ರ ಎಲ್ಲರಿಗೂ ಒಂದೇ. ರಕ್ತ ಕೊಡುವುದು, ಆದರೆ ಅಳತೆ ಮೀರಿ ಅಲ್ಲ. ಹಿಮೋಗ್ಲೋಬಿನ್ 7–8 ಗ್ರಾಂ ಸುತ್ತಮುತ್ತ ಇದ್ದರೆ ಸಾಮಾನ್ಯವಾಗಿ ಸಾಕು. ಜಾಸ್ತಿ ತುಂಬಿಸಿದರೆ ಪೋರ್ಟಲ್ ವೇನ್‌ನ ಒತ್ತಡವೂ ಏರುತ್ತದೆ. ಜೊತೆಗೆ ಕರುಳಿನ ಕಡೆಯ ರಕ್ತದ ಹರಿವು ತಗ್ಗಿಸುವ ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್, ಸೋಂಕು ತಡೆಯಲು ಆಂಟಿಬಯೋಟಿಕ್.

ಆಮೇಲಿನದ್ದೇ ತಲೆನೋವು. ಅನ್ನನಾಳದಲ್ಲಿ ರಬ್ಬರ್ ಬ್ಯಾಂಡ್ ಬಿಗಿದು ನಾಳ ಮುಚ್ಚುತ್ತಾರೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಡುಯೋಡಿನಮ್‌ನಲ್ಲಿ ನಾಳ ದಪ್ಪ, ಕರುಳಿನ ಗೋಡೆಯ ಆಳದಲ್ಲಿರುತ್ತದೆ. ಬ್ಯಾಂಡ್ ಅದರ ಒಂದು ಬದಿಯನ್ನಷ್ಟೇ ಹಿಡಿದರೆ, ಅದು ಉದುರಿದ ದಿನ ಮತ್ತೆ ರಕ್ತ ಚಿಮ್ಮಬಹುದು. ಹಾಗಾಗಿ ಹಲವರು ಅಂಟಿನ ಮೊರೆ ಹೋಗುತ್ತಾರೆ. ಸಯನೋಅಕ್ರಿಲೇಟ್ ಎಂಬ ಈ ಅಂಟು ನಾವು ಮನೆಯಲ್ಲಿ ಬಳಸುವ ಸೂಪರ್ ಗ್ಲೂನ ಹತ್ತಿರದ ಸಂಬಂಧಿ. ರಕ್ತ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗಿ ನಾಳವನ್ನು ಒಳಗಿಂದಲೇ ಮುಚ್ಚುತ್ತದೆ. ಅಂಟಿನ ಚೂರು ಹರಿದು ಶ್ವಾಸಕೋಶ ಸೇರುವ ಅಪಾಯವೂ ಇದೆ.

ಅದಕ್ಕೂ ಬಗ್ಗದಿದ್ದರೆ ಟಿಪ್ಸ್ (TIPS) ಎಂಬ ವಿಧಾನ. ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ, ಲಿವರ್‌ನ ಒಳಗೇ ಪೋರ್ಟಲ್ ವೇನ್‌ನಿಂದ ಲಿವರ್‌ನ ಹೊರಹೋಗುವ ನಾಳಕ್ಕೆ ಸ್ಟೆಂಟ್‌ನ ಸುರಂಗ ಮಾಡುತ್ತಾರೆ. ಒತ್ತಡದ ವ್ಯತ್ಯಾಸ 12ಕ್ಕಿಂತ ಕೆಳಗಿಳಿಸುವುದು ಗುರಿ. ಆದರೆ ಸಣ್ಣ ಕರುಳಿನ ವೇರಿಸಿಸ್‌ಗಳಿಗೆ ಒಂದು ಮೊಂಡುತನವಿದೆ. ಒತ್ತಡ ಇಳಿದ ಮೇಲೂ ಕೆಲವು ಸೋರುತ್ತವೆ. ಅದಕ್ಕೆ ಅದೇ ದಾರಿಯಲ್ಲಿ ಹೋಗಿ ಕಾಯಿಲ್ (ಲೋಹದ ಸಣ್ಣ ಸುರುಳಿ) ಅಥವಾ ಅಂಟಿನಿಂದ ಆ ನಾಳವನ್ನೂ ಮುಚ್ಚಿಬರುವುದು ಒಳ್ಳೆಯದು. ಟಿಪ್ಸ್‌ಗೆ ಬೆಲೆಯೂ ಇದೆ. ರಕ್ತ ಲಿವರ್‌ನಲ್ಲಿ ಶುದ್ಧವಾಗದೆ ದಾಟುವುದರಿಂದ ಕೆಲವರಿಗೆ ಮಂಪರು, ಗೊಂದಲ ಶುರುವಾಗುತ್ತದೆ.

ಬಿ.ಆರ್.ಟಿ.ಓ. ಎಂಬ ವಿಧಾನ ಹೆಚ್ಚುಕಡಿಮೆ ಇದರ ತದ್ವಿರುದ್ಧ. ವೇರಿಸಿಸ್‌ನಿಂದ ರಕ್ತ ಹೊರಹೋಗುವ ಬದಿಯಲ್ಲಿ ಬಲೂನ್ ಉಬ್ಬಿಸಿ, ನಾಳವನ್ನು ಒಣಗಿಸುವ ಔಷಧ ತುಂಬುತ್ತಾರೆ. ಲಿವರ್‌ಗೆ ಬರುವ ರಕ್ತ ಹೆಚ್ಚುತ್ತದೆ, ಮಂಪರಿನ ಭಯ ಕಡಿಮೆ. ಆದರೆ ಒಂದು ಅಡ್ಡದಾರಿ ಮುಚ್ಚಿದ್ದಕ್ಕೆ ಒತ್ತಡ ಏರಿ, ಅನ್ನನಾಳದ ವೇರಿಸಿಸ್ ದೊಡ್ಡದಾಗಬಹುದು, ಹೊಟ್ಟೆಯಲ್ಲಿ ನೀರು ತುಂಬಬಹುದು. ಹಾಗಾದರೆ ಯಾವುದು ವಾಸಿ? ಈಗಾಗಲೇ ಮಂಪರು ಬರುತ್ತಿದ್ದವರಿಗೆ ಟಿಪ್ಸ್ ಕಷ್ಟ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಬಿ.ಆರ್.ಟಿ.ಓ. ಕಷ್ಟ. ಕಾಯಿಲೆ ಅಪರೂಪವಾದ್ದರಿಂದ ಇವುಗಳನ್ನು ಎದುರುಬದುರು ಇಟ್ಟು ತೂಗಿದ ದೊಡ್ಡ ಪ್ರಯೋಗಗಳಿಲ್ಲ. ಎಂಡೋಸ್ಕೋಪಿ ಮಾಡುವವರು, ಸ್ಕ್ಯಾನ್ ಓದುವವರು, ಸರ್ಜನ್ ಒಟ್ಟಿಗೆ ಕೂತು ಆ ರೋಗಿಗೆ ಯಾವುದು ಸರಿ ಎಂದು ತೀರ್ಮಾನಿಸಬೇಕಾಗುತ್ತದೆ.

ಇವೆಲ್ಲ ಸೋರಿಕೆ ನಿಲ್ಲಿಸುತ್ತವೆ, ಲಿವರ್ ಹಾಗೆಯೇ ಉಳಿಯುತ್ತದೆ. ಅದನ್ನೇ ಬದಲಿಸುವುದು ಲಿವರ್ ಕಸಿ ಮಾತ್ರ. ಅದಕ್ಕೆ ಪೋರ್ಟಲ್ ವೇನ್ ತೆರೆದಿರುವುದು ಮುಖ್ಯ. ಅಲ್ಲಿ ಹೆಪ್ಪುಗಟ್ಟಿದ್ದರೆ ಕಸಿಯೂ ಕಠಿಣವಾಗುತ್ತದೆ. ಹಾಗಾಗಿಯೇ ರಕ್ತಸ್ರಾವ ನಿಂತ ಮೇಲೂ ಆ ನಾಳದ ಸ್ಕ್ಯಾನ್ ಆಗಾಗ ಮಾಡಿಸುತ್ತಾರೆ.